ಹಣಿಗೆಗೆ ನೌಕರಿ ಸಿಕ್ಕ ಕಥೆ

ಬ್ಯಾಡಗಿ, ಫೆಬ್ರುವರಿ 1996

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ಮಂಗಳಾ ಕಾಲಿಗೆರಗಿ ಬರೆಯುವುದೇನೆಂದರೆ, ಇಲ್ಲಿ ಎಲ್ಲರೂ ಸೀನುತ್ತಾ ಕ್ಷೇಮವಾಗಿದ್ದೇವೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಈ ಊರಲ್ಲಿ ಬೇರೆ ತರಹ ಕ್ಷೇಮವಾಗಿರಲು ಬರುವುದಿಲ್ಲ. ಹಲಗೇರಿಯಲ್ಲಿ ಇದನ್ನು ನಿಮಗೆ ಓದಿ ಹೇಳುವವಳು ನಿಮ್ಮ ಮಗಳೇ ಎಂದು ಗೊತ್ತು. ಮೈಲವ್ವಾ, ನಡುವೆ ನಿನ್ನ ಮಾತು ತುರುಕಬೇಡ. ಬಾಣಂತಿ ಇದ್ದೀ, ಬರೆದಷ್ಟು ಓದಿ ಸುಮ್ಮನಾಗು.

ಪತ್ರದ ಜೊತೆ ಸಣ್ಣ ಪೊಟ್ಟಣ ಇದೆ ಅತ್ತೀ. ಓದಿ ಮುಗಿಯುವ ತನಕ ಬಿಚ್ಚಬಾರದು. ನಿಮಗೆ ತಡೆಯಲಾಗುವುದಿಲ್ಲ ಅಂತಲೂ ಬಲ್ಲೆ.

ನಾನು ರಾಣೇಬೆನ್ನೂರಿನ ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ಹಾವೇರಿಯ ಸಲಾವುದ್ದೀನ ಮಾಸ್ತರರು ಕಲಿಸಿದ ಗಿಟಾರು ಬೆರಳಲ್ಲಷ್ಟೇ ಉಳಿದಿತ್ತು. ಕೈಯಲ್ಲಿ ವಾದ್ಯವೇ ಇರಲಿಲ್ಲ. ರೊಟ್ಟಿ ತಟ್ಟುವಾಗ ಸರಿ, ಚಪಾತಿ ಲಟ್ಟಿಸುವಾಗ ನನ್ನ ಎಡಗೈ ಲಟ್ಟಣಿಗೆಯ ಮೇಲೆ ತಾನೇ ಕುಣಿಯುತ್ತಿತ್ತು. ನೀವು ನಾಲ್ಕು ದಿನ ನೋಡಿದಿರಿ. ಐದನೆಯ ದಿನ ಇವರನ್ನು ಕರೆದು, "ಏ ಶೇಖಪ್ಪಾ, ಆಕಿ ವಾದ್ಯ ಆಕಿಗೆ ತಂದ ಕೊಡಪಾ. ಇಲ್ಲಂದ್ರ ನನ್ನ ಲಟ್ಟಣಿಗಿ ಉಳಿಯಂಗಿಲ್ಲ" ಎಂದಿರಿ. ಅತ್ತೆಯ ಬಾಯಿಂದ ಇಂಥ ಮಾತು ಬರುತ್ತದೆ ಅಂತ ಯಾವ ಸೊಸೆ ಅಂದುಕೊಂಡಾಳು? ನಾನು ಒಲೆಯ ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಬ್ಯಾಡಗಿಯ ಶಾಲೆಯೊಂದರಿಂದ ಸಂಗೀತ ಶಿಕ್ಷಕಿಯ ಕೆಲಸಕ್ಕೆ ಕರೆ ಬಂತು. ಸೋಮವಾರ ಗಿಟಾರು ನುಡಿಸಿ ತೋರಿಸಬೇಕು. ಇವರು ಶನಿವಾರ ಹುಬ್ಬಳ್ಳಿಯಿಂದ ಹೊಸ ಗಿಟಾರು ತಂದರು. ಹಾಡಿ ಕುಣಿಯುವಷ್ಟು ಖುಷಿ ನನಗೆ. ಅದಕ್ಕೆ ಕುಂಕುಮ ಹಚ್ಚಿದವರು ನೀವು. ನುಡಿಸಲು ಕೂತರೆ ತೆಳುವಾದ ಕೊನೆಯ ತಂತಿ ಒತ್ತಿದಾಗಲೆಲ್ಲ ಬೆರಳಿಡುವ ಪಟ್ಟಿಯ ಅಂಚಿನಿಂದ ಕೆಳಗೆ ಜಾರುತ್ತಿತ್ತು. ತಂತಿಗಳು ಅವುಗಳನ್ನು ಬಿಗಿಯುವ ಕಿವಿಗಳಿಗೆ ಹೋಗುವ ಮೊದಲು ದಾಟುವ ಪುಟ್ಟ ಕಟ್ಟೆಯಿದೆಯಲ್ಲ, ಬಾರಿಸುವವರು ನಟ್ ಅನ್ನುತ್ತಾರೆ, ನೀವು "ಹೊಸ್ತಲ" ಎಂದಿರಿ. ಆ ಹೊಸ್ತಿಲ ಮೇಲಿನ ಗೀರುಗಳನ್ನೇ ತಪ್ಪು ಜಾಗದಲ್ಲಿ ಕೊರೆದಿದ್ದರು. ಅಂಗಡಿಗೆ ಒಯ್ಯೋಣವೆಂದರೆ ಮರುದಿನ ರವಿವಾರ, ಬಾಗಿಲು ಮುಚ್ಚಿರುತ್ತದೆ. ಇವರಿಗೋ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ. ಈ ಕೆಲಸ ತಪ್ಪಿದರೆ ಗಿಟಾರು ಅಟ್ಟ ಸೇರುವುದು ಖರೇ, ನಾನೂ ಅದರ ಜೊತೆಗೆ ಎಂದು ಅನಿಸಿಬಿಟ್ಟಿತು.

ಹೊಸ ಹೊಸ್ತಿಲು ಮಾಡಿಕೊಳ್ಳಬೇಕಿತ್ತು. ಕಟ್ಟಿಗೆ ನಡೆಯುವುದಿಲ್ಲ, ತಂತಿ ಕಚ್ಚುತ್ತದೆ, ಎಲುಬೋ ಕೋಡೋ ಬೇಕು ಎಂದೆ. ನೀವು ಎದ್ದು ಹೋಗಿ ತಲೆ ಬಾಚುವ ಕೋಡಿನ ಹಣಿಗೆ ತಂದಿರಿ. ಹೊಸರಿತ್ತಿಯ ನಿಮ್ಮ ಅವ್ವ ಮದುವೆಯಲ್ಲಿ ಕೊಟ್ಟಿದ್ದು, ಬೆನ್ನು ದಪ್ಪ, ಎಣ್ಣೆ ಕುಡಿದು ಕಪ್ಪಗೆ ಮಿಂಚುತ್ತಿತ್ತು. ಬೇಡರಿ ಎಂದೆ. "ನನಗ ಕೂದಲ ಎಲ್ಲಿ ಅದಾವಬೇ, ತಗೋ" ಎಂದಿರಿ. ಆಗ ನಿಮ್ಮ ಜಡೆ ಸೊಂಟ ದಾಟುತ್ತಿತ್ತು!

ಬಂಗಾರದ ಕೆಲಸದ ಪತ್ತಾರ ಹನುಮಪ್ಪನ ಮನೆಯಿಂದ ಸಣ್ಣ ಗರಗಸ, ತೀಡುವ ಕಾನಸು ತಂದು ಹಣಿಗೆಯ ಬೆನ್ನಿನ ಅರ್ಧ ಕೊಯ್ದೆ. ಸ್ಕೇಲು ಹಿಡಿದು ಗೀರಿನಿಂದ ಗೀರಿಗೆ ಸಮ ಅಳತೆ ಹಾಕಿ, ಮೈಯೆಲ್ಲ ಕಣ್ಣಾಗಿ ತೀಡಿದೆ. ತಂತಿ ಬಿಗಿದರೆ ಜಾರುವುದೇನೋ ನಿಂತಿತ್ತು. ಆದರೆ ದಪ್ಪ ತಂತಿಗಳು ಇಕ್ಕಟ್ಟಾಗಿ, ಒಂದರ ಮೇಲೆ ಬೆರಳಿಟ್ಟರೆ ಪಕ್ಕದ್ದಕ್ಕೂ ತಾಗಿ ನಾದ ಸತ್ತುಹೋಗುತ್ತಿತ್ತು. ನಿಮ್ಮ ಅವ್ವನ ಹಣಿಗೆಯನ್ನು ಹಾಳು ಮಾಡಿದೆನಲ್ಲ ಅಂತ ಅಳುವೇ ಬಂತು.

ಮರುದಿನ ಅಮಾವಾಸ್ಯೆ. ನೀವು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ಬೆಳಗಿ ಕೊಟ್ಟಿರಿ, ನಾನು ಮುಖ ಊದಿಸಿಕೊಂಡು ಹಲಗೆಯ ಮೇಲೆ ಹೊಂದಿಸಿದೆ. ದೊಡ್ಡ ಕೊಡದಿಂದ ಹಿಡಿದು ಪುಟ್ಟ ಗಿಂಡಿಯ ತನಕ ಆರು. ಕೊಡ ಬಿಂದಿಗೆಗೆ ತಾಗಿ ಟಣ್ ಎಂದಿತು. ನೀವು ಎಲ್ಲವನ್ನೂ ಇಳಿಸಿದಿರಿ.

"ಮೊದ್ಲ ಎರಡೂ ತುದಿಯಾಗಿನವು ಇಡಬೇಕು, ಕೆಳಗ ಬೀಳದಂಗ. ಆಮ್ಯಾಲ ನಡುವಿನವು. ಇದರ ಅಂಚಿಗೂ ಅದರ ಅಂಚಿಗೂ ನಡುವ ನನ್ನ ನಾಲ್ಕ ಬೆರಳ ಹೋಗಬೇಕು, ಅಷ್ಟ. ಹೊಟ್ಟಿ ದೊಡ್ಡದಿದ್ದವರಿಗೆ ಜಾಗಾನೂ ಹೆಚ್ಚ ಬೇಕಲ್ಲವಾ!"

ಕೈಲಿದ್ದ ತಂಬಿಗೆಯನ್ನು ಅಲ್ಲೇ ಬಿಟ್ಟು ನಾನು ಓಡಿದೆ. ನೀವು ಹಿಂದಿನಿಂದ "ಏನಾತ, ಚೇಳ ಕಡೀತೇನ?" ಎಂದು ಕೂಗುತ್ತಿದ್ದಿರಿ. ನಾನು ತಂತಿಯ ನಡುವಿನಿಂದ ನಡುವಿಗೆ ಅಳೆದಿದ್ದೆ ಅತ್ತೀ, ಅವುಗಳ ಹೊಟ್ಟೆಯನ್ನು ಮರೆತಿದ್ದೆ. ಹಣಿಗೆಯ ಉಳಿದರ್ಧ ಕೊಯ್ದೆ. ಮೊದಲು ಎರಡು ತುದಿ, ಆಮೇಲೆ ಅಂಚಿನಿಂದ ಅಂಚಿಗೆ ಸಮ ಸಂದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆರೂ ತಂತಿ ತಮ್ಮ ತಮ್ಮ ಜಾಗದಲ್ಲಿ ನಿಂತು ಸ್ವಚ್ಛವಾಗಿ ನುಡಿದವು.

ಸೋಮವಾರ ನನ್ನೊಡನೆ ಬಸ್ಸು ಹತ್ತಿ ಬ್ಯಾಡಗಿಗೆ ಬಂದಿರಿ. ನಾನು ಒಳಗೆ ನುಡಿಸುವಾಗ ಗಿಟಾರಿನ ಖಾಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ಸೀನುತ್ತಿದ್ದಿರಿ. ಆ ಸೀನು ಕೇಳಿ ನಗುತ್ತಲೇ ಮುಂದಿನ ಹಾಡು ಎತ್ತಿಕೊಂಡೆ. ಕೆಲಸ ಆಯಿತು ಎಂದಾಗ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೆಲ್ಲ ಹೇಳಿದಿರಿ: "ನನ್ನ ಹಣಿಗಿಗೆ ನೌಕರಿ ಸಿಕ್ತ ನೋಡ್ರಿ!"

ಆಮೇಲೆ ನಿಮಗೆ ಬಂದದ್ದು ಪ್ಲಾಸ್ಟಿಕ್ ಹಣಿಗೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ "ಥೂ ಇದರ, ಕೂದಲಾ ಕಿತ್ತ ಹಾಕ್ತೈತಿ" ಎಂದು, ಸೊಸೆ ಕೇಳಿದಳೇನೋ ಅಂತ ತಿರುಗಿ ನೋಡಿದಿರಿ. ಕೇಳಿದ್ದೆ ಅತ್ತೀ, ಬಾಗಿಲ ಮರೆಯಲ್ಲೇ ಇದ್ದೆ. ಕೇಳಿದ್ದು ಗೊತ್ತಾದರೆ ನಿಮಗೆ ಕೆಡುಕೆನಿಸುತ್ತದೆಂದು ಸಪ್ಪಳ ಮಾಡದೆ ಒಳಗೆ ಹೋದೆ. ನನ್ನೆದುರು ಮಾತ್ರ ನೀವು ಅದನ್ನು "ಭಾಳ ಛಲೋ ಐತಿ" ಅಂತ ಹೊಗಳುತ್ತಲೇ ಬಂದಿರಿ. ನನ್ನ ಹೆತ್ತವ್ವ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಏನು ಮಾಡುತ್ತಿದ್ದಳು?

ಈಗ ಪೊಟ್ಟಣ ಬಿಚ್ಚಿರಿ. ಹುಡುಕದ ಸಂತೆಯಿಲ್ಲ, ಹೋದ ವಾರ ಹಾವೇರಿಯಲ್ಲಿ ಸಿಕ್ಕಿತು. ಕೋಡಿನದೇ, ಬೆನ್ನು ದಪ್ಪದ್ದೇ. ಕೂದಲು ಉದುರಿವೆ, ಇನ್ಯಾಕೆ ಎನ್ನಬೇಡಿ, ಉಳಿದಷ್ಟೇ ಸಾಕು. ಮೈಲವ್ವನ ಬಾಣಂತನ ಮುಗಿಸಿ ಬರುವಾಗ ಅದನ್ನು ತನ್ನಿರಿ. ಕಟ್ಟೆಯ ಮೇಲೆ ಕೂಡಿಸಿ ಎಣ್ಣೆ ಹಚ್ಚಿ ನಾನೇ ಬಾಚುತ್ತೇನೆ. ಅವತ್ತು ಗಿಟಾರು ಕಾಯಲಿ.

ನಿಮ್ಮ ಕೈ ನನ್ನ ತಲೆಯ ಮೇಲಿರಲಿ. ಕೂಸಿಗೆ ನೂರು ವರುಷ ಆಯುಷ್ಯವಾಗಲಿ.

ನಿಮ್ಮ ಹಣಿಗೆಯ ಪಗಾರದಲ್ಲಿ ಉಣ್ಣುವ ಸೊಸೆ,
ಮಂಗಳಾ