ನೆಲದಡಿಯ ನೀರು ಯಾರದ್ದು?

ಅಪ್ಪಾ,

ಇವತ್ತು ಪರಿಸರ ಕಾನೂನಿನ ಮೌಖಿಕ ಪರೀಕ್ಷೆ ಇತ್ತು. "ನೆಲದಡಿಯ ನೀರು ಯಾರದ್ದಮ್ಮಾ?" ಎಂದು ಮೇಷ್ಟ್ರು ಕೇಳಿದರು. ನೆಲ ಯಾರದ್ದೋ ನೀರೂ ಅವರದ್ದೇ ಎಂದು ನೀನು ಗದರುತ್ತಿದ್ದೆಯಲ್ಲ, ಹಳೆಯ ಕಾನೂನೂ ಹಾಗೇ ಹೇಳುತ್ತದೆ. ನಿಮ್ಮಿಬ್ಬರನ್ನೂ ನಾನು ಒಪ್ಪಲಿಲ್ಲ. ಒಬ್ಬ ಅಣ್ಣ ಹಿತ್ತಲಲ್ಲಿ ಬೋರ್‌ವೆಲ್ ಕೊರೆಸಿದ್ದು, ಪಕ್ಕದ ಮನೆಯಲ್ಲಿದ್ದ ತಂಗಿಯ ಬಾವಿ ಬತ್ತಿದ್ದು, ಅವಳು ದಿನಾ ಕೊಡ ಹಿಡಿದು ಅಣ್ಣನ ನಲ್ಲಿಯ ಮುಂದೆ ನಿಂತದ್ದು, ಎಲ್ಲ ಹೇಳಿದೆ.

"ಕೇಳಿದಾಗ ಕೊಟ್ಟನಲ್ಲ, ಪುಣ್ಯಾತ್ಮ!" ಎಂದರು ಮೇಷ್ಟ್ರು.

"ಅವಳ ಬಾವಿ ನೀರನ್ನ ಅವಳ ಕೊಡಕ್ಕೇ ತುಂಬಿಸಿ ದಾನ ಅಂದ್ರೆ ಹೇಗೆ ಸಾರ್? ನೀರಿಗೇನು ಬೇಲಿ ಗೊತ್ತಾಗುತ್ತಾ?"

ಅವರು ನಕ್ಕು, "ಯಾರಮ್ಮಾ ಆ ಅಣ್ಣ?" ಎಂದರು. ಅಷ್ಟು ಹೊತ್ತು ಪಟಪಟ ಮಾತಾಡಿದವಳು ಮೇಜಿನ ಮೇಲಿದ್ದ ಲೋಟ ಎತ್ತಿ ನೀರು ಕುಡಿದೆ.

ನೀನು ಬದುಕಿದ್ದರೆ ಬಾಗಿಲಲ್ಲೇ ತಡೆದು, "ಉಂಡ ಮನೆಗೆ ಎರಡು ಬಗೆದ್ಯಲ್ಲೇ!" ಎನ್ನುತ್ತಿದ್ದೆ. ಅನ್ನು. ಈ ಸಲ ನಾನು ತಲೆ ತಗ್ಗಿಸುವುದಿಲ್ಲ. ಅತ್ತೆ ಆ ನಲ್ಲಿಯ ಮುಂದೆ ತಗ್ಗಿಸಿದ್ದೇ ಸಾಕು. ಉಂಡದ್ದು ನಿನ್ನ ಮನೆಯಲ್ಲೇ, ಅಪ್ಪಾ. ಕುಡಿದದ್ದು ಅತ್ತೆಯ ನೀರು.