ಜಾಮೀನಿಗೆ ನನ್ನನ್ನು ಕರೆಯಬೇಡ

ತಾರೀಖು ೧೪, ಭಾನುವಾರ ಮಧ್ಯಾಹ್ನ

ಮಗಳೇ,

ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ, ಅಂದರೆ ಮೊಣಕಾಲು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಉತ್ತರ ತಡವಾಯಿತು. ಲಾಂಡ್ರಿಯಲ್ಲಿ ಕೆಲಸ ಜಾಸ್ತಿಯಿತ್ತು ಎಂದು ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದ ತೆಗೆದಾಗಲೆಲ್ಲ ಮೈ ಉರಿಯುತ್ತಿತ್ತು, ಸ್ವಲ್ಪ ತಣ್ಣಗಾಗಲಿ ಎಂದು ಕಾದೆ. ಆಗಲಿಲ್ಲ. ಹಾಗೇ ಬರೆಯುತ್ತಿದ್ದೇನೆ, ಸಹಿಸಿಕೋ.

ಸಮಾಜಕಾರ್ಯದ ಪದವಿಯಂತೆ. ಎರಡು ವರ್ಷವಂತೆ. ಸಾಲ ಬ್ಯಾಂಕಿನದಂತೆ, ಜಾಮೀನು ಮಾತ್ರ ನನ್ನದಂತೆ. ನಾನು ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಬೇರೆ ಮಾಡಿ ಕಳಿಸಿದ್ದೀಯ, ಅಮ್ಮನಿಗೆ ಅಷ್ಟೂ ತಿಳಿಯುವುದಿಲ್ಲ ನೋಡು. ಜೊತೆಗೆ ಕಾಲೇಜಿನ ಬಣ್ಣದ ಪುಸ್ತಕ. ಮರದ ಕೆಳಗೆ ಹಲ್ಲು ಕಿಸಿಯುತ್ತ ಕೂತ ಹುಡುಗ ಹುಡುಗಿಯರು. ನಾನು ಅವರ ಇಸ್ತ್ರಿ ನೋಡಿದೆ. ಒಬ್ಬರ ಕಾಲರೂ ನೆಟ್ಟಗಿಲ್ಲ.

ಬ್ಯಾಂಕಿಗೂ ಹೋಗಿ ಬಂದೆ. ಕೌಂಟರಿನಲ್ಲಿದ್ದವನು, "ಓದು ಮುಗಿದು ಸ್ವಲ್ಪ ದಿನಕ್ಕೆ ಕಂತು ಶುರು ಆಗುತ್ತಮ್ಮ. ಕೆಲಸ ಸಿಗಲಿ ಬಿಡಲಿ, ಅದು ನಿಲ್ಲಲ್ಲ" ಎಂದ. "ಅವಳು ಕಟ್ಟದೆ ಹೋದ್ರೆ?" ಎಂದೆ. "ನೀವಿದ್ದೀರಲ್ಲ!" ಎಂದು ನಕ್ಕ. ಅಂಥ ನಗುವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ನಮ್ಮಲ್ಲಿಗೆ ಬಟ್ಟೆ ಕೊಡುವವಳೊಬ್ಬಳಿದ್ದಾಳೆ, ದೊಡ್ಡಾಸ್ಪತ್ರೆಯಲ್ಲಿ ಕೆಲಸ. ನೀನು ಆಸೆಪಡುತ್ತಿರುವ ಪದವಿಯೇ ಅವಳದೂ. ರೋಗಿಗಳ ಮನೆಯವರ ಜೊತೆ ಮಾತಾಡುವುದು, ಅನಾಥರಿಗೆ ಜಾಗ ಹುಡುಕುವುದು, ಎಲ್ಲರ ಕೈಲೂ ಬೈಸಿಕೊಳ್ಳುವುದು. ಮೀಟಿಂಗ್ ಇದ್ದರೆ ಮಾತ್ರ ಒಂದು ಜೊತೆ ಬಟ್ಟೆ ಇಸ್ತ್ರಿಗೆ ತರುತ್ತಾಳೆ. ಸಂಬಳ ಎಷ್ಟು ತಾಯಿ ಎಂದು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಮೊತ್ತ ಹೇಳಿದಳು. "ಬಂದ ದಿನ ಅರ್ಧ ಕಂತಿಗೆ ಹೋಗುತ್ತೆ ಅಮ್ಮ. ಉಳಿದಿದ್ದರಲ್ಲಿ ಬಾಡಿಗೆ ಕಟ್ತೀನಿ. ಬಾಡಿಗೆ ಕಟ್ಟಿ ಉಳಿದಿದ್ದರಲ್ಲಿ ನಿಮಗೆ ಕೊಡ್ತೀನಿ" ಎಂದಳು. ಹೋದ ಸಲ ಉಳಿದಿರಲಿಲ್ಲ, ನಾನೂ ಕೇಳಲಿಲ್ಲ.

ಕೇಳು, ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆದು ನೀನು ಈಗ ತರುವ ಸಂಬಳವೇ ಅವಳದಕ್ಕಿಂತ ಹೆಚ್ಚು. ಅಂದರೆ ಎರಡು ವರ್ಷ ದುಡಿಮೆ ಬಿಟ್ಟು, ತಲೆಯ ಮೇಲೆ ಸಾಲ ಹೊತ್ತು, ಇದಕ್ಕಿಂತ ಕಡಿಮೆ ಸಂಬಳಕ್ಕೆ ಸೇರುತ್ತೀಯ. ಕಂತು ತೀರುವ ಹೊತ್ತಿಗೆ ನಿನ್ನ ತಲೆ ನರೆತಿರುತ್ತದೆ. ಸಾಲ ಮಾಡಿ ಸಂಬಳ ಇಳಿಸಿಕೊಳ್ಳುವ ಜಾಣೆಯನ್ನು ನಾನು ಹೆತ್ತಿದ್ದೇನೆ ಎಂದು ಇಷ್ಟು ದಿನ ತಿಳಿದಿರಲಿಲ್ಲ.

"ದುಡ್ಡೇ ಎಲ್ಲಾ ಅಲ್ಲಮ್ಮ" ಎಂದು ಬರೆದಿದ್ದೀಯ. ಅಲ್ಲ, ಸರಿ. ಆ ಮಾತನ್ನು ಬ್ಯಾಂಕಿನವನಿಗೆ ಹೇಳಿ ನೋಡು. ಬೇರೆಯವರ ಮಕ್ಕಳ ಕಷ್ಟ ಕಂಡರೆ ನಿನ್ನ ಕರುಳು ಚುರುಕ್ ಎನ್ನುತ್ತದಂತೆ. ನಿಂತು ನಿಂತು ಊದಿಕೊಂಡ ನನ್ನ ಕಾಲು ಕಂಡಾಗ ಆ ಕರುಳು ಎಲ್ಲಿಗೆ ಹೋಗಿತ್ತು? ಇಷ್ಟು ಕೆಟ್ಟ ಮಾತು ಬರೆಯಬಾರದು. ಬರೆದಾಯಿತು, ಹೊಡೆದುಹಾಕುವುದಿಲ್ಲ.

ಚಿಕ್ಕಮ್ಮ ಫೋನು ಮಾಡಿದ್ದಳು. ತನ್ನ ಮನೆಯಲ್ಲಿ ಇಟ್ಟುಕೊಂಡು ನಿನ್ನನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾಳಲ್ಲ, ನಿನ್ನ ಪರವಾಗಿ ವಕೀಲಿ ಮಾಡಿದಳು. ಕೊನೆಗೆ ದನಿ ತಗ್ಗಿಸಿ, "ಅವಳಿಗೆ ಹೇಳಿಬಿಡು ಅಕ್ಕ, ಇನ್ನೆಷ್ಟು ದಿನ?" ಎಂದಳು. ನಾನು ಫೋನು ಇಟ್ಟುಬಿಟ್ಟೆ.

ಸಹಿ ಹಾಕುವುದಿಲ್ಲ. ಫಾರಂ ವಾಪಸು ಕಳಿಸಿದ್ದೇನೆ, ಪೆನ್ಸಿಲ್ ಗುರುತು ಹಾಗೇ ಇದೆ. ಇದ್ದ ಕೆಲಸ ಬಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮೇಲೆ ಸಿಟ್ಟಿದ್ದರೂ ಪರವಾಗಿಲ್ಲ, ನೀನು ನೂರು ವರ್ಷ ಸುಖವಾಗಿರು.

ನಿನ್ನ
ಅಮ್ಮ

ಇನ್ನೊಂದು ಮಾತು: ಮೇಲಿನ ಲೆಕ್ಕ ಸುಳ್ಳಲ್ಲ. ಆದರೆ ಆ ಓದಿಗೆ ಕೈತುಂಬ ಸಂಬಳ ಬರುತ್ತಿದ್ದರೂ ನಾನು ಸಹಿ ಹಾಕುತ್ತಿರಲಿಲ್ಲ. ಚಿಕ್ಕಮ್ಮ ಹೇಳು ಎಂದದ್ದು ಈಗ ಬರೆಯುವುದನ್ನೇ.

ನಿನಗಾಗ ಎರಡು ತುಂಬಿತ್ತು. ನಿಮ್ಮಪ್ಪ ಬಿಟ್ಟುಹೋಗಿದ್ದ. ನಿನ್ನನ್ನು ಲಾಂಡ್ರಿಗೇ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಸುತ್ತಲೂ ಕಾದ ಇಸ್ತ್ರಿಪೆಟ್ಟಿಗೆಗಳು, ಬಟ್ಟೆಗೆ ಹಾಕುವ ಗಂಜಿ ಕುದಿಯುವ ಹಂಡೆ. ಒಂದು ಸಲ ನೀನು ಹಂಡೆಯ ಹತ್ತಿರದವರೆಗೂ ಓಡಿಬಿಟ್ಟೆ. ಅವತ್ತಿನಿಂದ ಮೆತ್ತಗಿನ ಬಟ್ಟೆಯ ಪಟ್ಟಿಯನ್ನು ನಿನ್ನ ಸೊಂಟಕ್ಕೆ ಸಡಿಲವಾಗಿ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಮೇಜಿನ ಕಾಲಿಗೆ ಬಿಗಿಯುತ್ತಿದ್ದೆ. ಸೊಂಟ ಉಜ್ಜದ ಹಾಗೆ ಒಳಗೆ ಹತ್ತಿ ಇಟ್ಟು ಹೊಲಿದಿದ್ದೆ. ಅಲ್ಲಿ ಇಸ್ತ್ರಿ ಮಾಡುವ ಹೆಂಗಸರೆಲ್ಲ ಮಕ್ಕಳನ್ನು ಹಾಗೇ ಕಟ್ಟುತ್ತಿದ್ದರು. ನೀನು ಮೇಜಿನ ಕೆಳಗೆ ಅಂಗಿ ಗುಂಡಿಗಳ ಜೊತೆ ಆಡಿಕೊಂಡಿರುತ್ತಿದ್ದೆ.

ಯಾರೋ ದೂರು ಕೊಟ್ಟರು. ವಿಚಾರಿಸಲು ಒಬ್ಬಳು ಬಂದಳು, ಇದೇ ಪದವಿಯವಳು, ಮೆಲು ಮಾತಿನವಳು. ಹಂಡೆಯ ಕಡೆ ತಿರುಗಲಿಲ್ಲ, ಹತ್ತಿಯನ್ನು ಮುಟ್ಟಿ ನೋಡಲಿಲ್ಲ. "ಮಗೂನ ನಾಯಿ ಥರ ಕಟ್ಟಿಹಾಕಿದ್ದೀರಲ್ಲ" ಎಂದಳು. ಅವಳ ಮಾತಿನ ಮೇಲೆ ನಿನ್ನನ್ನು ಸರ್ಕಾರದ ಮಕ್ಕಳ ಕೇಂದ್ರಕ್ಕೆ ಕರೆದುಕೊಂಡು ಹೋದರು. ವರ್ಷಕ್ಕೂ ಮೇಲೆ ಕಚೇರಿಯಿಂದ ಕಚೇರಿಗೆ ಅಲೆದೆ. ನಿನ್ನನ್ನು ಮುಟ್ಟಲು ಕೂಡ ಅವರ ಅಪ್ಪಣೆ ಬೇಕಿತ್ತು.

ಕೊನೆಗೆ ಕಳಿಸಿಕೊಟ್ಟರು. ನೀನು ಮನೆಯೊಳಗೆ ಬಂದು ಗೋಡೆಗೆ ಒರಗಿ ನಿಂತೆ, ಎಷ್ಟು ಕರೆದರೂ ಹತ್ತಿರ ಬರಲಿಲ್ಲ. ಆಮೇಲೆ, ಅಲ್ಲಿನ ಮಕ್ಕಳು ದೊಡ್ಡ ಹೆಂಗಸರನ್ನೆಲ್ಲ ಕರೆಯುವ ಹಾಗೆ, ಕೈಕಟ್ಟಿಕೊಂಡು ಕೇಳಿದೆ, "ಮೇಡಂ, ನೀರು ಕುಡೀಲಾ?"

ನಾನು "ಕುಡಿ" ಎಂದೆ.