ಬಂಡೆಯ ಕೆಳಗಿನ ಚಡ್ಡಿ

ಪ್ರೀತಿಯ ಅಕ್ಕ,

ಅಪ್ಪ ಮಂಡಿ ಆಪರೇಷನ್ನಿಗೆ ಹೋದಾಗಿನಿಂದ ನಾಯಿಗಳನ್ನು ಗುಡ್ಡ ಹತ್ತಿಸುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ನಿನ್ನೆ ಎರಡೂ ನನ್ನನ್ನು ಅರ್ಧ ದಾರಿಯಲ್ಲೇ ಮಡುವಿನ ಕಡೆಗೆ ಎಳೆದೊಯ್ದು ನೀರಿಗೆ ಧುಮುಕಿದವು. ಮುದಿ ನಾಯಿಯಂತೂ ಬಂಡೆಯ ಕೆಳಗಿನಿಂದ ಅಪ್ಪನ ಈಜುಚಡ್ಡಿಯನ್ನೇ ಕಚ್ಚಿ ತಂದಿತು! “ನೀರಿಗಿಳಿದ್ರೆ ಕಾಲು ಮುರೀತೀನಿ” ಎಂದು ನಮ್ಮನ್ನು ಹೆದರಿಸುತ್ತಿದ್ದರಲ್ಲ, ಅದೇ ಅಪ್ಪನದು.

ಅಮ್ಮನಿಗೆ ತೋರಿಸಿದರೆ ನಕ್ಕಳು. “ದಿನಾ ಒದ್ದೆ ತಲೇಲಿ ಬಂದು ಬೆವರು ಅಂತಾರೆ, ನಾನೂ ಹೂಂ ಅಂತೀನಿ. ಎಲ್ಲಿತ್ತೋ ಅಲ್ಲೇ ಇಟ್ಟು ಬಾ. ನಂಗೆ ಗೊತ್ತು ಅಂತ ತಿಳಿದ್ರೆ ನಾಚ್ಕೊಂಡು ಈಜೋದನ್ನೇ ಬಿಟ್ಬಿಡ್ತಾರೆ.”

ಇಟ್ಟು ಬಂದೆ. ಆಸ್ಪತ್ರೆಯಲ್ಲಿ ಅಪ್ಪ “ಇನ್ನು ಗುಡ್ಡದ ಆಸೆ ಬಿಟ್ಟೆ” ಎಂದು ಮುಖ ಸಪ್ಪೆ ಮಾಡಿಕೊಂಡಿದ್ದಾರೆ ಅಂತ ಬರೆದಿದ್ದೆಯಲ್ಲ? ಅಲ್ಲಿ ಅವರ ಜೊತೆಗಿರುವ ನೀನು ಏನೂ ಗೊತ್ತಿಲ್ಲದವಳ ಹಾಗೆ ಡಾಕ್ಟರನ್ನು ಒಂದು ಮಾತು ಕೇಳು: ಮಂಡಿಗೆ ಈಜು ಒಳ್ಳೆಯದಾ? ಅಪ್ಪನಿಗೆ ಕೇಳಿಸುವಷ್ಟು ಜೋರಾಗಿ ಕೇಳು.

ಇಲ್ಲಿ ಒದ್ದೆ ನಾಯಿಗಳನ್ನು ಒರೆಸುತ್ತಿರುವ,
ನಿನ್ನ ತಂಗಿ